ದ್ರಾಕ್ಷಿ ರೋಗಕ್ಕೆ ಯಾರ ಹೆಸರು?

ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಬರ ಬಂದೀತು; ಮಾಡಿದ ಕೆಲಸದ ಮೇಲೆ ಹೆಸರು ಹಾಕಿಸಿಕೊಳ್ಳುವವರಿಗೆ ಎಂದೂ ಬರವಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಥಣಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಶೇಡಬಾಳದಿಂದ ಬರುತ್ತಿದ್ದ ಪದ್ಮಾ ಎಂಬ ವಿದ್ಯಾರ್ಥಿನಿ ದ್ರಾಕ್ಷಿ ಎಲೆಯ ಬೂಜು ರೋಗದ ಬೆನ್ನು ಹತ್ತಿ, ಹಿಂಗಾರಿ ಮಳೆಯಲ್ಲೆಲ್ಲ ತೋಟ ತಿರುಗಿದಳು. ನಾನು ಜೊತೆಗಿದ್ದು ತಿದ್ದಿದೆ, ಅಷ್ಟೇ. ಅದರಿಂದ ಹುಟ್ಟಿದ ಸಂಶೋಧನಾ ಲೇಖನಕ್ಕೆ ಅವಳ ಹೆಸರೇ ಮೊದಲು ಎಂದು ಹಟ ಹಿಡಿದೆ.

ಪರವಾನಗಿ ಕೊಟ್ಟವರು

ವಿಭಾಗದ ಮುಖ್ಯಸ್ಥರು ಕರೆಸಿದರು. "ಮೇಡಂ, ನನ್ನ ಹೆಸರು ಮೊದಲ ಹಾಕ್ರಿ."

"ಸರ್, ನೀವು ತ್ವಾಟಕ್ಕ ಒಮ್ಮೆರ ಬಂದಿದ್ರೇನ್ರಿ?"

"ಬಂದಿಲ್ಲ. ಆದ್ರ ನಿಮಗ ಹೋಗಾಕ ಪರವಾನಗಿ ಕೊಟ್ಟಾಂವ ಯಾರು?"

"ಹಂಗಾರ ಬಸ್ಸಿನ ಕಂಡಕ್ಟರಂದೂ ಹಾಕಬೇಕಾಗ್ತೈತ್ರಿ. ತ್ವಾಟದ ತನಾ ಮುಟ್ಟಿಸಿದಾಂವ ಅಂವ."

ಮುಖ್ಯಸ್ಥರು ಗಂಭೀರವಾಗಿ ಯೋಚಿಸಿದರು. "ಹಾಕ್ರಿ. ಆದ್ರ ನನ್ನ ಹೆಸರಿನ ಕೆಳಗ."

ಬ್ಯಾಡಂದವರು

ತೋಟದ ಮಾಲಕರು ನಮ್ಮನ್ನು ಒಳಗೆ ಬಿಟ್ಟು, ಊಟಕ್ಕೂ ಹಾಕಿದ್ದರು. ಲೇಖನದ ಕೊನೆಗೆ ಅವರ ಉಪಕಾರ ನೆನೆಯುತ್ತೇವೆ ಎಂದರೆ ಹೌಹಾರಿದರು.

"ಬ್ಯಾಡ್ರಿ ಬಾಯಾರ! ನನ್ನ ದ್ರಾಕ್ಷಿಗೆ ರೋಗ ಐತಂತ ಸಾಂಗ್ಲಿ ವ್ಯಾಪಾರಿಗೆ ಗೊತ್ತಾದ್ರ ಮಾಲ ಯಾರು ತಗೋತಾರ?"

ಪದ್ಮಾ ಬಿಡಲಿಲ್ಲ. "ಕಾಕಾ, ಯಾರದರೆ ಹೆಸರು ಬೇಕಲ್ರಿ?"

ಅವರು ಬೇಲಿಯಾಚೆ ಕೈ ತೋರಿಸಿದರು. "ಬಾಜೂ ತ್ವಾಟದಾಂವಂದು ಹಾಕ್ರಿ. ಅಂವಗೂ ನನಗೂ ಕೋರ್ಟಿನ್ಯಾಗ ಕೇಸ್ ಐತಿ."

ಎರಡನೆಯ ಹೆಸರು

ಬೆಳಗಾವಿಯ ವಿಚಾರ ಸಂಕಿರಣಕ್ಕೆ ಲೇಖನ ಕಳಿಸುವಾಗ ಮುಖ್ಯಸ್ಥರು ಮತ್ತೆ ಪಟ್ಟು ಹಿಡಿದರು. "ಆತ್ರಿ ಸರ್," ಎಂದೆ. "ಮೊದಲನೇ ಹೆಸರಿನವರು ವೇದಿಕಿ ಮ್ಯಾಲ ನಿಂತು ಓದಬೇಕಂತ್ರಿ."

ತಕ್ಷಣ ಅವರಿಗೆ ವಿದ್ಯಾರ್ಥಿಗಳ ಮೇಲೆ ಮಮತೆ ಉಕ್ಕಿತು. "ಹುಡುಗಿ ಮುಂದ ಬರಲ್ರಿ. ನನಗ ಎರಡನೇದು ಸಾಕು." ನನ್ನದು ಮೂರನೆಯದಾಯಿತು. ಅವಳದು ಮೊದಲು ಬಂತಲ್ಲ ಎಂದು ಸುಮ್ಮನಾದೆ.

ಸಂಕಿರಣದ ದಿನ ಪದ್ಮಾ ವೇದಿಕೆ ಹತ್ತಿ ಲೇಖನ ಓದಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮೆಚ್ಚಿದ ಸಭಾಧ್ಯಕ್ಷರು, "ಎರಡನೆಯ ಲೇಖಕರೂ ಬಂದಿದ್ದಾರೆಯೇ?" ಎಂದರು. ಶಾಲು ಹೊದಿಸುತ್ತಾರೆಂದು ಮುಖ್ಯಸ್ಥರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು.

"ತಾವು ಹೇಳಿ, ಈ ಬಿಳಿ ಬೂಜು ಎಲೆಯ ಮೇಲ್ಭಾಗದಲ್ಲಿ ಬರುತ್ತದೋ, ಕೆಳಭಾಗದಲ್ಲೋ?"

ಮುಖ್ಯಸ್ಥರು ಅಂಗೈಯನ್ನು ಹಿಂದೆ ಮುಂದೆ ತಿರುವಿ ನೋಡಿಕೊಂಡರು. "ಅದು ನೀವು ಎಲಿ ಹೆಂಗ ಹಿಡೀತೀರಿ ಅನ್ನೂದರ ಮ್ಯಾಲ ಐತ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ಊರಿಗೆ ಮರಳುವ ಬಸ್ಸಿನಲ್ಲಿ ಮುಖ್ಯಸ್ಥರು ನನ್ನತ್ತ ಬಾಗಿದರು.

"ಮೇಡಂ, ಅಚ್ಚಿಗೆ ಕಳಸುವಾಗ ನನ್ನ ಹೆಸರು ತಗದ ಬಿಡ್ರಿ. ಎಲಿಗೇ ಹಿಂಗಾತು, ನಾಳೆ ಯಾರರೆ ಬೇರಿನ ಬಗ್ಗೆ ಕೇಳಿದ್ರ?"