ಹತ್ತನೆಯ ಕುದುರೆಯ ಬಾಲ

ಕುದುರೆ ಒದೆಯಬಹುದಿತ್ತು. ಒದೆಯದಿದ್ದರೆ ಕಚ್ಚಬಹುದಿತ್ತು. ಎರಡನ್ನೂ ಮಾಡದ ಸಾಧು ಕುದುರೆಯಾದರೆ ಅದರ ಮಾಲೀಕನೇ ಆ ಕೆಲಸ ವಹಿಸಿಕೊಳ್ಳಬಹುದಿತ್ತು. ಗಂಗಾಪುರದ ದಾರಿಯಲ್ಲಿ ಬೈಕು ಕೈಕೊಡಬಹುದಿತ್ತು, ಗಾಳಿಗೆ ನನ್ನ ವಿಗ್ಗು ಹಾರಬಹುದಿತ್ತು, ಕೂದಲು ತುಂಬಿದ ಲಕೋಟೆಗಳು ಅದಲುಬದಲಾಗಿ ಒಂದು ಕುದುರೆಯ ಹೆಸರು ಇನ್ನೊಂದಕ್ಕೆ ಅಂಟಬಹುದಿತ್ತು. ಇಷ್ಟನ್ನೂ ನಾನು ಮೊದಲೇ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಛತ್ರಪತಿ ಸಂಭಾಜಿನಗರದ ಮಗ್ಗುಲಿನ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ತಪಾಸಣೆ ವಿಭಾಗದಲ್ಲಿರುವವನು ನಾನು. ಆಗದ ಕೆಡುಕನ್ನು ಊಹಿಸುವುದಕ್ಕೇ ನನಗೆ ಸಂಬಳ.

ಈ ಉಸಾಬರಿ ತಂದಿಟ್ಟವಳು ಅಕ್ಕನ ಮಗಳು ಪಲ್ಲವಿ, ನಾಸಿಕದಲ್ಲಿ ಪಶುವಿಜ್ಞಾನದ ಸಂಶೋಧನೆ ಮಾಡುತ್ತಿರುವವಳು. ದಖ್ಖನಿನ ಗಿಡ್ಡ ಕುದುರೆಗಳ ತಳಿಯಲ್ಲಿ ವೈವಿಧ್ಯ ಎಷ್ಟು ಉಳಿದಿದೆ, ಎಲ್ಲವೂ ಒಂದೇ ಮನೆತನದೊಳಗೆ ಗಿರಕಿ ಹೊಡೆಯುತ್ತಿವೆಯೇ ಎಂದು ಅವಳು ನೋಡಬೇಕು.

“ಮಾಮಾ, ಒಂದಕ್ಕೊಂದು ಸಂಬಂಧ ಇಲ್ದ ಹತ್ತು ಕುದುರಿ ಬೇಕ್ರಿ. ಬಾಲದ ಕೂದಲಾ ಬುಡಾ ಸಮೇತ ಕೀಳ್ರಿ, ಕತ್ತರಸಬ್ಯಾಡ್ರಿ. ಡಿಎನ್‌ಎ ಇರೋದ ಬುಡದಾಗ. ಹತ್ತು ಆಗ್ಲಿಲ್ಲಂದ್ರ ನಮ್ಮ ಗೈಡು ನಿಮ್ಮ ಜಿಲ್ಲೇನ ಬಿಟ್ಟಬಿಡ್ತಾರ, ನನ್ನ ಒಂದ ವರ್ಷ ನೀರಾಗ ಹೋಗ್ತದ” ಎಂದಳು.

ಸಂಬಂಧ ವಿಚಾರಿಸುವುದು ನನಗೇನು ಹೊಸದೇ? ಬಳಗದ ಮದುವೆ ಮಾತುಕತೆಗಳಲ್ಲಿ ಮೂರು ತಲೆಮಾರು ಜಾಲಾಡಿದವನು. ಆದರೆ ಅಲ್ಲಿ ಎಲ್ಲರೂ ನಮ್ಮದು ಬೇರೆ ಗೋತ್ರ ಎನ್ನುತ್ತಾರೆ. ಇಲ್ಲಿ ಸಿಕ್ಕ ಸಿಕ್ಕ ಮಾಲೀಕರೆಲ್ಲ ತಮ್ಮ ಕುದುರೆ ಗಂಗಾಪುರದ ಹೆಸರಾಂತ ಗಂಡುಕುದುರೆಯೊಂದರ ಮೊಮ್ಮಗ ಎಂದು ಎದೆಯುಬ್ಬಿಸಿದರು. ಅಷ್ಟೆಲ್ಲ ಸಂಸಾರದ ನಡುವೆ ಆ ಪ್ರಾಣಿ ಮೇವು ಯಾವಾಗ ತಿಂದಿತೋ. ನಾಲ್ಕು ಭಾನುವಾರ ಅಲೆದು, ಬೇರೆ ಬೇರೆ ವಂಶದ ಒಂಬತ್ತನ್ನು ಹೆಕ್ಕಿದೆ.

ಹತ್ತನೆಯದು ವೈಜಾಪುರದ ಬಾಬುರಾವ್ ಅವರ, ಮದುವೆ ಮೆರವಣಿಗೆಯ ಬಿಳಿ ಘೋಡಿ, ಅಂದರೆ ಹೆಣ್ಣುಕುದುರೆ. “ಇದು ಹೊರಗಿನದು ಸಾಹೇಬ. ಇದರ ಖಾನದಾನು ಇಲ್ಲಿ ಯಾರಿಗೂ ಗೊತ್ತಿಲ್ಲ” ಎಂದು ಅವರು ಮರಾಠಿಯಲ್ಲಿ ತಲೆ ತಗ್ಗಿಸಿ ಹೇಳಿದಾಗ ಅಪ್ಪಿಕೊಳ್ಳೋಣ ಎನಿಸಿತು. ಅಂದು ಎಲ್ಲೋ ಲಗ್ನವಿತ್ತು. ಘೋಡಿ ಗೊಂಡೆ, ಗೆಜ್ಜೆ ತೊಟ್ಟು, ನೆಲ ಮುಟ್ಟುವ ಬಾಲ ಬಿಟ್ಟುಕೊಂಡು ನಿಂತಿತ್ತು.

“ಘಾಬರೂ ನಕಾ” ಎಂದರು ಬಾಬುರಾವ್. ನಾನು ಗಾಬರಿಯಾಗಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡು, ತೋಳು ಚಾಚುವಷ್ಟು ದೂರದಿಂದ ಎಳೆದೆ. ಒಂದೇ ಎಳೆತಕ್ಕೆ ಮುಷ್ಟಿ ತುಂಬ ಬಂತು. ಘೋಡಿ ಕಿವಿ ಸಹ ಅಲ್ಲಾಡಿಸಲಿಲ್ಲ. ಬಾಬುರಾವ್ ಏನೋ ಹೇಳಲು ಬಾಯಿ ತೆರೆದರು. ಕೈ ಎತ್ತಿ ತಡೆದೆ. ನಾಲ್ಕು ಭಾನುವಾರದ ಅನುಭವವಿದ್ದವನಿಗೆ ಹೊರಗಿನವರ ಸಲಹೆ ಏಕೆ?

ಹತ್ತೂ ಲಕೋಟೆ ನಾಸಿಕಕ್ಕೆ ಕಳಿಸಿದ ಮೂರನೆಯ ದಿನ ಪಲ್ಲವಿಯ ಫೋನು. “ಒಂಬತ್ತೂ ಚೊಲೊ ಬಂದಾವ್ರಿ, ಮಾಮಾ.”

“ಹತ್ತನೇದು?”

“ಅದು ನೈಲಾನ್ ಅದರೀ. ಈ ಐತವಾರ ಮತ್ತ ವೈಜಾಪುರಕ್ಕ ಹೋಗಿಬರ್ರಿ.”

ಬಾಬುರಾವ್ ಅವರಿಗೆ ಫೋನು ಹಚ್ಚಿದೆ. ಲಗ್ನದ ದಿನ ಬಾಲ ದಟ್ಟವಾಗಿ ಕಾಣಲೆಂದು ಘೋಡಿಗೆ ನೈಲಾನ್ ಕೂದಲಿನ ಚೌರಿ ಕಟ್ಟುತ್ತಾರಂತೆ. ಹೇಳಬಾರದಿತ್ತೇ ಎಂದೆ. “ಹೇಳಲು ಬಂದೆ ಸಾಹೇಬ, ನೀವು ಕೈ ಎತ್ತಿದಿರಿ” ಎಂದರು. ಆಮೇಲೆ ಬಹಳ ಮರ್ಯಾದೆಯಿಂದ, “ನಿಮ್ಮ ತಲೆ ನೋಡಿ, ಈ ವಿಷಯ ಸಾಹೇಬರಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು ಅಂದುಕೊಂಡೆ” ಎಂದರು.

ವಿಗ್ಗು ಹಾರೀತೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಹಾರದೆಯೂ ಕಾಣುತ್ತದೆಂದು ಬರೆದಿರಲಿಲ್ಲ.