ಒಡೆಯಬಾರದ ಆನೆಗಳು

ದಾನವಾಗಿ ಬಂದ ವಸ್ತುವನ್ನು ಬಂದ ಸ್ಥಿತಿಯಲ್ಲೇ ವಿಲೇವಾರಿ ಮಾಡತಕ್ಕದ್ದು ಎಂಬುದು ಕೋಲ್ಕತ್ತಾದ ಸಾಲ್ಟ್ ಲೇಕಿನ ಕನ್ನಡ ಬಂಧು ಬಳಗದ ಮೂಲ ನಿಯಮ. ಅದನ್ನು ಬರೆದವರು ಅಧ್ಯಕ್ಷ ಶ್ಯಾಮಸುಂದರರಾಯರು. ಲೆಕ್ಕಪರಿಶೋಧನೆಯಿಂದ ನಿವೃತ್ತರಾಗಿದ್ದರೂ ಆಕ್ಷೇಪಣೆಯಿಂದ ಅವರು ಇನ್ನೂ ನಿವೃತ್ತರಾಗಿರಲಿಲ್ಲ.

ಈ ನಿಯಮದ ಮಹತ್ವ ಕಾರ್ಯದರ್ಶಿ ಪದ್ಮಿನಿಗೆ ಮನದಟ್ಟಾದದ್ದು ಬಾಂಕುರಾದ ರಂಜಿತ್ ಕರ್ಮಕಾರ್ ಬಂದ ದಿನ. ರಂಜಿತ್ ಡೋಕ್ರಾ ಕೆಲಸದವನು. ಮೇಣದ ಎಳೆಗಳಲ್ಲಿ ಆನೆ ಮಾಡಿ, ಮೇಲೆ ಮಣ್ಣು ಮೆತ್ತಿ ಸುಟ್ಟರೆ ಮೇಣ ಕರಗಿಹೋಗುತ್ತದೆ. ಆ ಜಾಗಕ್ಕೆ ಹಿತ್ತಾಳೆ ಇಳಿಯುತ್ತದೆ. ಆರಿದ ಮೇಲೆ ಮಣ್ಣು ಒಡೆದರೆ ಆನೆ. ಅವನ ತಂಗಿಯನ್ನು ಕೊಟ್ಟದ್ದು ಸುಂದರಬನದ ದ್ವೀಪಕ್ಕೆ. ಅಲ್ಲಿದ್ದ ಆಸ್ಪತ್ರೆಯನ್ನು ಚಂಡಮಾರುತ ಹೊತ್ತುಕೊಂಡು ಹೋದಮೇಲೆ, ಮಗುವಿಗೆ ಜ್ವರ ಬಂದರೂ ದೂರದ ಪೇಟೆಯ ತನಕ ಹುಟ್ಟು ಹಾಕಬೇಕು. ಮಳೆಗಾಲಕ್ಕೆ ಮುಂಚೆ ಊರೂರಿನ ದಡಕ್ಕೆ ಹೋಗುವ ಔಷಧದ ದೋಣಿಯೊಂದು ಆಗಲಿ ಎಂದು ರಂಜಿತನ ಓಣಿಯವರೆಲ್ಲ ಸೇರಿ ಒಂದು ಗಾಡಿ ಆನೆ ಎರಕ ಹೊಯ್ದು, ಮಣ್ಣಿನ ಸಮೇತ ಬಳಗದ ಹರಾಜಿಗೆ ದಾನ ಕಳಿಸಿದ್ದರು. ಕೊಳ್ಳುವವರ ಕಣ್ಣೆದುರೇ ಒಡೆಯುವುದು ಅವರ ಯೋಚನೆ.

"ಆನೆ ಹುಟ್ಟೋದನ್ನ ನೋಡಿದವರು ಚೌಕಾಸಿ ಮಾಡಲ್ಲ, ದೀದಿ," ಎಂದು ರಂಜಿತ್ ಸುತ್ತಿಗೆ ಎತ್ತಿದ. ರಾಯರು ಕೈ ಎತ್ತಿದರು.

"ಏನಪ್ಪಾ ಇದು? ದಾನದ ಮಾಲನ್ನ ಹರಾಜಿಗೆ ಮುಂಚೇನೇ ಜಖಂ ಮಾಡ್ತೀಯಾ?"

"ಸರ, ಒಡೀಲಿಲ್ಲಂದ್ರ ಆನಿ ಹೆಂಗ ಹೊರಗ ಬರ್ತದ್ರೀ?" ಪದ್ಮಿನಿ ಧಾರವಾಡದವಳು, ಸಿಟ್ಟು ಬಂದರೆ ಇನ್ನಷ್ಟು ಧಾರವಾಡದವಳು.

"ನೋಡಮ್ಮಾ, ನಮಗೆ ಬಂದಿರೋದು ಮಣ್ಣಿನ ಉಂಡೆ. ಆನೇನ ನೀನು ಕಂಡಿದೀಯಾ?"

"ಒಳಗ ಅದ ಸರ!"

"ಒಳಗಿರೋದು ನಂಬಿಕೆ. ಹೊರಗಿರೋದು ದಾಸ್ತಾನು."

ಕೂಡಲೇ ಒಡೆಯುವಿಕೆ ಉಪಸಮಿತಿ ರಚನೆಯಾಯಿತು. ಮಾದರಿಗೆ ಒಂದನ್ನು ಒಡೆದು ನೋಡಬಹುದೆಂದು ರೈಲ್ವೆಯ ಹೊನ್ನಪ್ಪನವರು ಸೂಚಿಸಿದರು. ಒಡೆದ ಉಂಡೆ ಒಡೆಯದ ಉಂಡೆಗಳಿಗೆ ಮಾದರಿಯಾಗಲಾರದು ಎಂಬ ಕಾರಣಕ್ಕೆ ಸೂಚನೆ ಬಿದ್ದುಹೋಯಿತು. ಅತ್ತ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ದೋಣಿಯಾದರೆ ಸಾಕು ಎಂದು ಪದ್ಮಿನಿ ಹಲ್ಲು ಕಚ್ಚಿ ಪ್ರಕಟಣೆಗೆ ಸಹಿ ಹಾಕಿದಳು:

"ಉಂಡೆಯೊಳಗೆ ಆನೆ ಇರುವ ಸಂಭವವಿದೆ. ಆನೆಗೆ ಬಳಗ ಜವಾಬ್ದಾರಿಯಲ್ಲ. ಉಂಡೆಯನ್ನು ಒಡೆದವರು ದಾನಿಗಳೆಂಬ ಗೌರವ ಕಳೆದುಕೊಳ್ಳತಕ್ಕದ್ದು."

ಸಿರಿವಂತರ ಬಡಾವಣೆ ಅಲಿಪುರದಲ್ಲಿ ಹರಾಜು ನಡೆಯಿತು. ಒಂದು ಉಂಡೆಯೂ ಉಳಿಯಲಿಲ್ಲ. ಬನಾರಸ್ ಸೀರೆಯ ಹೆಂಗಸೊಬ್ಬಳು ತನ್ನದನ್ನು ಕಿವಿಗೆ ಹಿಡಿದು, "ನಂದು ಮಲಗಿದೆ ಅನ್ಸುತ್ತೆ," ಎಂದಳು. ಷೋಕೇಸುಗಳಲ್ಲಿ ಮಣ್ಣುಂಡೆಗಳು ದೀಪದ ಕೆಳಗೆ ಕೂತವು. ಜೋಕಾದ ಪ್ರೊಫೆಸರೊಬ್ಬರು ಕುತೂಹಲ ತಡೆಯದೆ ಒಡೆದು, ಸೊಗಸಾದ ಆನೆ ಸಿಕ್ಕಿ, ನೆಂಟರೆದುರು ತಲೆ ತಗ್ಗಿಸುವಂತಾಯಿತು. ಕುಮಾರಟುಲಿಯ ಮೂರ್ತಿಕಾರನನ್ನು ಕರೆಸಿ ಮತ್ತೆ ಮಣ್ಣು ಮೆತ್ತಿಸಿಕೊಂಡರು.

ಮಳೆಗೆ ಮುಂಚೆಯೇ ದೋಣಿ ದ್ವೀಪಕ್ಕೆ ತಲುಪಿತು. ಪದ್ಮಿನಿಯೂ ರಾಯರೂ ಉದ್ಘಾಟನೆಗೆ ಹೋದರು. ದೋಣಿಯನ್ನು ನೀರಿಗೆ ತಳ್ಳಬೇಕು, ಅಷ್ಟರಲ್ಲಿ ರಾಯರು ಅಡ್ಡ ನಿಂತರು.

"ಬಳಗ ಕೊಟ್ಟ ದಾನಕ್ಕೂ ಅದೇ ನಿಯಮ ಕಣಮ್ಮಾ. ಬಂದ ಸ್ಥಿತಿ ಅಂದ್ರೆ ಒಣಗಿದ ಸ್ಥಿತಿ."

"ದೋಣಿ ಅಂದಮ್ಯಾಲ ನೀರಿಗಿಳೀಬೇಕಲ್ರೀ ಸರ!"

"ಇಳಿದ್ರೆ ಒದ್ದೆಯಾಗುತ್ತಲ್ಲ?"

ದೋಣಿ ದಡದ ಮೇಲೆ ಇಟ್ಟಿಗೆಯ ಕಟ್ಟೆ ಏರಿತು. ಡಾಕ್ಟರು ಅದರೊಳಗೆ ಕೂತರು. ಸುತ್ತಲಿನ ದ್ವೀಪಗಳ ರೋಗಿಗಳು ತಮ್ಮ ತಮ್ಮ ದೋಣಿಯಲ್ಲಿ ಹುಟ್ಟು ಹಾಕುತ್ತ ದೋಣಿಯತ್ತ ಬರತೊಡಗಿದರು.

ಆಮೇಲೊಂದು ದಿನ ರಂಜಿತ್ ಫೋನ್ ಮಾಡಿದ. "ತಂಗಿ ಖುಷಿಯಾಗಿದಾಳೆ, ದೀದಿ. ಪೇಟೆಗಿಂತ ಹತ್ತಿರ ಅಂತೆ. ಡಾಕ್ಟರಿಗೂ ದೋಣಿ ಕುಲುಕಿ ವಾಂತಿಯಾಗೋ ಭಯ ಇಲ್ಲ. ಬಂದವರ ದೋಣಿ ಕಟ್ಟೋಕೆ ಗೂಟ ಮಾತ್ರ ಸಾಲ್ತಿಲ್ಲ."

"ಗೂಟ ನಿಧಿಗೆ ಇನ್ನೊಂದು ಹರಾಜು ಇಟ್ಟರಾಯಿತು," ಪದ್ಮಿನಿ ತನ್ನ ಅರೆಬರೆ ಬಂಗಾಳಿಯಲ್ಲಿ ಹೇಳಿದಳು. "ಉಂಡೆ ಕಳಿಸು."

"ಕಳಿಸ್ತೀನಿ. ಹಿತ್ತಾಳೆ ತುಟ್ಟಿಯಾಗಿದೆ... ಒಳಗೆ ಏನು ಹಾಕಲಿ?"

ಪದ್ಮಿನಿ ದಾಸ್ತಾನು ಪುಸ್ತಕ ತೆರೆದಳು. "ತೂಕ ಇರಲಿ, ಸಾಕು. ನನ್ನದೊಂದರಲ್ಲಿ ಮಾತ್ರ ಆನೆ ಹಾಕು."

"ಒಡೆದು ನೋಡ್ತೀರಾ, ದೀದಿ?"

"ಛೆ ಛೆ," ಎಂದಳು ಪದ್ಮಿನಿ. "ನಾನು ಕಾರ್ಯದರ್ಶಿ ಅಲ್ಲವಾ?"