ಭಾವನವರ ತುರಿಸದ ತುರಿಕೆ ಗಿಡ

ಬೆಳಿಗ್ಗೆ ಎದ್ದು ತುರಿಕೆ ಗಿಡದ ಮುಖ ನೋಡದೆ ಕಾಫಿ ಲೋಟ ಮುಟ್ಟದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ನನ್ನ ಗಂಡನ ಅಣ್ಣ! ಬೇರೆಯವರ ಮನೆಗಳಲ್ಲಿ ಭಾವಂದಿರು ಇಸ್ಪೀಟು ಆಡುತ್ತಾರೆ, ನಾಟಕದಲ್ಲಿ ಭೀಮನ ಪಾರ್ಟು ಮಾಡಿ ಗದೆ ಮುರಿಯುತ್ತಾರೆ, ಹೆಚ್ಚೆಂದರೆ ನಸ್ಯ ಸೇದುತ್ತಾರೆ. ನಮ್ಮ ಭಾವನವರಿಗೆ ಇಂಥ ಮರ್ಯಾದಸ್ಥ ಹುಚ್ಚುಗಳು ಒಂದೂ ಇರಲಿಲ್ಲ.

ನಾನು ಶಿಕಾರಿಪುರದ ಬಯಲು ಕಡೆಯ ಹುಡುಗಿ. ಕನ್ನಡ ಸೀಮೆಗಳೆಲ್ಲ ಒಂದಾದ ಮರುವರ್ಷ ಸೊರಬದ ಕುಪ್ಪಗಡ್ಡೆ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದೆ. ಮದುವೆಗೆ ಮುಂಚೆ ನಮ್ಮಪ್ಪ ಹುಡುಗನ ಬಗ್ಗೆ ಹತ್ತು ಕಡೆ ವಿಚಾರಿಸಿದ್ದರು. ಹುಡುಗನ ಅಣ್ಣನ ಬಗ್ಗೆ ವಿಚಾರಿಸಬೇಕೆಂದು ಅವರಿಗೆ ಯಾರು ತಾನೇ ಹೇಳಬೇಕು?

ಗಿಡ ಬಂದದ್ದೂ ನಾನು ಬಂದ ವರ್ಷವೇ. ಭಾವ ಒಂದು ದಿನ ಮೆಣಸಿನಕಾಯಿ ತರಲು ಶಿರಾಳಕೊಪ್ಪದ ಸಂತೆಗೆ ಹೋದರು. ಅಲ್ಲಿ ಬೇಸಾಯದ ಇಲಾಖೆಯವರು ಡೇರೆ ಹಾಕಿ ವಸ್ತುಪ್ರದರ್ಶನ ಇಟ್ಟಿದ್ದರಂತೆ. ಖಾಕಿ ಚಡ್ಡಿಯ ಒಬ್ಬ ಬೆಳ್ಳನೆಯ ನಾರಿನ ಎಳೆಯೊಂದನ್ನು ಇವರ ಕೈಗೆ ಕೊಟ್ಟು, "ಹರೀರಿ ನೋಡೋಣ" ಎಂದನಂತೆ. ಭಾವ ಹರಿಯಲು ನೋಡಿದರು. ಹಲ್ಲು ಹಾಕಿ ನೋಡಿದರು. ಹರಿಯಲಿಲ್ಲ. ಅಷ್ಟೇ, ಭಾವ ಅದಕ್ಕೆ ಮರುಳಾಗಿಹೋದರು! ಸಂಜೆ ಮನೆಗೆ ಬಂದಾಗ ಮೆಣಸಿನಕಾಯಿ ಇರಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿದ ಬೇರಿನ ತುಂಡುಗಳು ಇದ್ದವು. ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಕೂರಿಸಿ, ತಾವು ನಿಂತುಕೊಂಡು ಬಂದಿದ್ದರು.

"ಯಜಮಾನ್ರೇ, ಚೀಲ ಕೆಳಗಿಡ್ರಿ" ಎಂದನಂತೆ ಕಂಡಕ್ಟರ್.

"ಅದ್ರೊಳಗೆ ಜೀವ ಐತೆ ಮಾರಾಯ."

"ಕೋಳಿ ಆದ್ರೆ ಬಸ್ಸಿನ ಮೇಲೆ ಕಟ್ರಿ!"

ಆ ಗಿಡದ ಹೆಸರು ರೇಮಿ. ತುರಿಕೆ ಗಿಡದ ಕುಲದ್ದು, ಆದರೆ ತುರಿಸುವುದಿಲ್ಲ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ಸುಣ್ಣ ಬಳಿದ ಹಾಗೆ ಬಿಳಿ. ಒಮ್ಮೆ ಊರಿದರೆ ಆಳೆತ್ತರ ಬೆಳೆದು, ಕೊಯ್ದ ಹಾಗೆಲ್ಲ ಮತ್ತೆ ಚಿಗುರುತ್ತದೆ. ಅದರ ನಾರು ನೀರಿನಲ್ಲಿ ನೆನೆದಷ್ಟೂ ಗಟ್ಟಿ. ಇಷ್ಟನ್ನು ಭಾವ ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ, ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಒಂದೇ ಮಾತು ಕೇಳಿದರು.

"ನಾಳೆ ಸಾರಿಗೆ ಖಾರ ಏನು ಹಾಕ್ಲಿ? ಇದ್ನೇ ಅರೆದು ಹಾಕ್ಲಾ?"

ಭಾವ ಸಿಟ್ಟಾಗಲಿಲ್ಲ. ಅಕ್ಕನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿ ನನಗೆ ತೋರಿಸಿದರು. ನಮ್ಮ ಬಾವಿಗೆ ಹತ್ತು ಮಾರು ಹಗ್ಗ ಬೇಕು. ಎರಡು ತೋಳು ಚಾಚಿದರೆ ಒಂದು ಮಾರು. ಪುಂಡಿ ನಾರಿನ ಹಗ್ಗ ಮೆತ್ತಗಿರುತ್ತಿತ್ತು, ಆದರೆ ನೀರಿಗೆ ಬೇಗ ಲಡ್ಡಾಗಿ ಹರಿದು ಕೊಡಪಾನದ ಸಮೇತ ಬಾವಿಗೆ ಬೀಳುತ್ತಿತ್ತು. ತೆಂಗಿನ ನಾರಿನದು ಬಾಳುತ್ತಿತ್ತು, ಆದರೆ ಅಕ್ಕನ ಅಂಗೈ ಸೀಳಿ ಹಾಕುತ್ತಿತ್ತು. ಚಳಿಗಾಲದಲ್ಲಿ ಆ ಬಿರುಕುಗಳಲ್ಲಿ ರಕ್ತ ಜಿನುಗುವುದನ್ನು ನಾನೇ ಕಂಡಿದ್ದೇನೆ.

"ಈ ಕೈಗೆ ನಾನೊಂದು ಹಗ್ಗ ಮಾಡಿಕೊಡ್ತೀನಿ. ಬಾವಿ ಪಕ್ಕದ ನಾಲ್ಕು ಗುಂಟೆ ಬಿಟ್ಟುಕೊಡು" ಎಂದರು ಭಾವ.

ಆ ನಾಲ್ಕು ಗುಂಟೆ ಅಕ್ಕನ ಮೆಣಸಿನ ಗಿಡದ ಜಾಗ. ಅಕ್ಕ ಕರಾರು ಹಾಕಿದರು: "ಬರೋ ವರ್ಷದ ದೀಪಾವಳಿವರೆಗೆ ನೋಡ್ತೀನಿ. ಅಷ್ಟ್ರೊಳಗೆ ಹಗ್ಗ ಕೈಗೆ ಬರ್ಲಿಲ್ಲ ಅಂದ್ರೆ ಬುಡ ಸಮೇತ ಕಿತ್ತು ಮೆಣಸಿನ ಸಸಿ ನೆಡೋದೇ. ಆಮೇಲೆ ಅತ್ತರೂ ಕೇಳಲ್ಲ."

ಶುರುವಾಯಿತು ನೋಡಿ ಉಪಚಾರ! ಗಿಡದ ಬುಡದಲ್ಲಿ ನೀರು ನಿಲ್ಲಬಾರದೆಂದು ಮಳೆಗಾಲದ ಮುಂಚೆ ಕಾಲುವೆ ತೋಡಿದರು. ನೀರು ಗಿಡ ಬಿಟ್ಟು ನೇರವಾಗಿ ದನದ ಕೊಟ್ಟಿಗೆಗೆ ನುಗ್ಗಿತು. ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಗೊಬ್ಬರ ಸಾಲದೆಂದು ಗಾಡಿ ಕಟ್ಟಿಕೊಂಡು ಗುಡವಿ ಕೆರೆಗೆ ಹೋದರು. ಅಲ್ಲಿ ಸಾವಿರಾರು ಹಕ್ಕಿಗಳು ಕೂರುವ ಮರದ ಕೆಳಗೆ ಹಿಕ್ಕೆ ಕೂಡಿಸುವ ಯೋಚನೆ. ಸಂಜೆ ವಾಪಸು ಬಂದವರನ್ನು ಸ್ವಂತ ನಾಯಿಯೇ ಬೊಗಳಿ ಅಡ್ಡ ಹಾಕಿತು. ಗಿಡಕ್ಕೆ ಸಿಕ್ಕಿದ್ದು ಅರ್ಧ ಬುಟ್ಟಿ. ಉಳಿದದ್ದೆಲ್ಲ ಭಾವನವರ ತಲೆಯ ಮೇಲಿತ್ತು. ಅಕ್ಕ ಹಂಡೆ ನೀರು ಕಾಯಿಸುತ್ತಾ, "ನನ್ನ ಸವತಿಗೆ ಗೊಬ್ಬರ ಹಾಕೋದು ಬ್ಯಾಡ, ಇವರನ್ನೇ ತಗೊಂಡು ಹೋಗಿ ಬುಡದಲ್ಲಿ ಊರಿ" ಎಂದರು.

ಗಿಡ ತುರಿಸುವುದಿಲ್ಲ ಎಂದು ಊರವರು ಯಾರೂ ನಂಬಲಿಲ್ಲ. ಅದಕ್ಕೆ ಭಾವ ಬಂದವರ ಎದುರೆಲ್ಲ ಒಂದು ಎಲೆ ಕಿತ್ತು ತಮ್ಮ ಕೆನ್ನೆಗೆ ತಿಕ್ಕಿ ತೋರಿಸುತ್ತಿದ್ದರು. ಒಂದು ದಿನ ಬೆಳೆ ಬರೆದುಕೊಳ್ಳಲು ಶಾನುಭೋಗರು ಬಂದರು. ನಾಲ್ಕು ಗುಂಟೆಯಲ್ಲಿ ಇದೇನು ಬೆಳೆ, ಪಹಣಿಯಲ್ಲಿ ಏನಂತ ಬರೆಯಲಿ ಎಂದು ಕೇಳಿದರು. ಭಾವನವರಿಗೆ ಉತ್ಸಾಹ ಉಕ್ಕಿತು. ಈ ಸಲ ತಮ್ಮ ಕೆನ್ನೆ ಬೇಡ, ಸರ್ಕಾರದ ಕೈಗೇ ಸಾಬೀತು ಮಾಡೋಣ ಎಂದು ಎಲೆ ಕಿತ್ತು ಶಾನುಭೋಗರ ಮೊಣಕೈಯಿಂದ ಅಂಗೈವರೆಗೆ ಒಳ್ಳೆ ಎಣ್ಣೆ ತಿಕ್ಕಿದ ಹಾಗೆ ತಿಕ್ಕಿದರು. ಭಾವ ಕನ್ನಡಕ ಒಳಗೆ ಬಿಟ್ಟು ಬಂದಿದ್ದರು ಪಾಪ. ಬೇಲಿಯ ಅಸಲಿ ತುರಿಕೆ ಗಿಡವೊಂದು ನೆಂಟಸ್ತಿಕೆ ಹುಡುಕಿಕೊಂಡು ಮಡಿಯೊಳಗೆ ಬಂದು ಬೆಳೆದದ್ದು ಅವರಿಗೆ ಕಾಣಲೇ ಇಲ್ಲ!

ಶಾನುಭೋಗರು ಕುಣಿದದ್ದನ್ನು ನಾನು ವರ್ಣಿಸಲಾರೆ. ಕೊಬ್ಬರಿ ಎಣ್ಣೆ ಸವರಿ, ಮಜ್ಜಿಗೆ ಕುಡಿಸಿ, ಕೈಮುಗಿದು ಕಳಿಸಿದ್ದಾಯಿತು. ಹೋಗುವಾಗ ಅವರು ಎಡಗೈಯಲ್ಲಿ ಬಲಗೈ ಕೆರೆಯುತ್ತಾ, ಬಲಗೈಯಲ್ಲಿ ಬೆಳೆಯ ಕಾಲಂ ತುಂಬಿದರು: "ಬೀಳು." ಹಾಗಾಗಿ ಆ ವರ್ಷ ಭಾವನವರ ಆಳೆತ್ತರದ ಬೆಳೆ ಸರ್ಕಾರದ ಕಣ್ಣಿಗೆ ಬರೀ ಬೀಳು ಭೂಮಿಯಾಗಿತ್ತು.

ಎರಡನೆಯ ವರ್ಷ ಶ್ರಾವಣದಲ್ಲಿ ದಂಟಿನ ಬುಡ ಕಂದು ಬಣ್ಣಕ್ಕೆ ತಿರುಗಿತು. ಕೊಯ್ಲು! ಇಲ್ಲಿ ನಮ್ಮ ಕಡೆಯವರ ಬುದ್ಧಿ ಕೈಕೊಟ್ಟಿತು. ನಮಗೆ ನಾರು ಎಂದರೆ ಪುಂಡಿ. ಪುಂಡಿ ಎಂದರೆ ಕೆರೆಯಲ್ಲಿ ಹನ್ನೆರಡು ದಿನ ಕೊಳೆಹಾಕುವುದು. ತೊಗಟೆ ಕೊಳೆತು ಹೋಗಿ ನಾರು ಉಳಿಯುತ್ತದೆ. ಅಪ್ಪ ಅಜ್ಜಂದಿರು ಮಾಡಿದ್ದು ಅದನ್ನೇ, ಭಾವ ಮಾಡಿದ್ದೂ ಅದನ್ನೇ. ಹೊರೆಗಳನ್ನು ಕೆರೆಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದರು. ಹದಿಮೂರನೆಯ ದಿನ ಎತ್ತಿದರೆ ನಾರೂ ಇಲ್ಲ, ತೊಗಟೆಯೂ ಇಲ್ಲ, ಲೋಳೆ ಲೋಳೆಯಾದ ಅಂಟು! ಊರಿನ ಅರ್ಧ ಜನ ಮೂಗಿಗೆ ಸೆರಗು, ಉಳಿದರ್ಧ ಮೂಗಿಗೆ ಟವೆಲ್ಲು ಹಿಡಿದುಕೊಂಡು ನಮ್ಮ ಮನೆಗೆ ಬಂದು ಉಗಿದು ಹೋದರು.

ಭಾವ ಕೆರೆಯ ಆಸೆ ಬಿಟ್ಟರು. ಆಶ್ವೀಜದಲ್ಲಿ ಎರಡನೆಯ ಚಿಗುರು ಕೊಯ್ದು, ಈ ಸಲ ಹಸಿ ತೊಗಟೆಯನ್ನೇ ಸುಲಿದು, ಚಾಕುವಿನಲ್ಲಿ ಹೆರೆದರು. ಸಿಪ್ಪೆ ಹೋಯಿತು, ಅಂಟು ಹೋಗಲಿಲ್ಲ. ಒಣಗಿದರೆ ಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತಿತ್ತು. ದೀಪಾವಳಿಗೆ ಹದಿನೈದು ದಿನವಿತ್ತು. ಹಿತ್ತಲಲ್ಲಿ ಅಕ್ಕನ ಮೆಣಸಿನ ಸಸಿ ಗೇಣುದ್ದ ಬೆಳೆದು ನಿಂತಿತ್ತು. ಒಂದು ಬೆಳಿಗ್ಗೆ ಭಾವ ಗಿಡದ ಮುಖ ನೋಡದೆಯೇ ಕಾಫಿ ಕುಡಿದುಬಿಟ್ಟರು. ಅಲ್ಲಿಯವರೆಗೆ ಮನಸಾರೆ ನಕ್ಕಿದ್ದ ನನಗೆ ಅವತ್ತು ನಗು ಬರಲಿಲ್ಲ.

ಆ ವಾರ ಅಕ್ಕ ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಉಬ್ಬೆಗೆ ಹಾಕಿದರು. ಒಲೆಯ ಬೂದಿ ಕಲಸಿದ ನೀರಿನಲ್ಲಿ ದೊಡ್ಡ ಹಂಡೆ ತುಂಬ ಬಟ್ಟೆ ಕುದಿಸುವುದು. ಎಂಥ ಜಿಡ್ಡೂ ಬಿಡಬೇಕು. ಮಾರನೆಯ ದಿನ ಒಗೆಯುವ ಕಲ್ಲಿನ ಹತ್ತಿರ ಹೋದರೆ, ಅಕ್ಕ ಏನನ್ನೋ ಕುಕ್ಕಿ ಕುಕ್ಕಿ ಒಗೆಯುತ್ತಿದ್ದರು. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಅಕ್ಕಾ, ಇದು ಭಾವನವರ ನಾರಲ್ಲೇನ್ರೀ? ಎಷ್ಟ್ ಬೆಳ್ಳಗಾಗೈತಿ!"

"ಗಬ್ಬು ವಾಸನೆ ತಡಿಯಕ್ಕಾಗ್ದೆ ಹಂಡೆಗೆ ತುರುಕಿದೆ ಮಾರಾಯ್ತಿ. ಅವರಿಗೇನೂ ಹೇಳ್ಬ್ಯಾಡ, ತಲೆ ಮೇಲೆ ಕೂರ್ತಾರೆ."

ಇದನ್ನು ನಂಬಬೇಕೆ? ವಾಸನೆ ತಡೆಯಲಾಗದವರು ಎಸೆಯುತ್ತಾರೆಯೇ ಹೊರತು ಕುದಿಸಿ, ಒಗೆದು, ನೆರಳಿನಲ್ಲಿ ಎಳೆ ಎಳೆ ಬಿಡಿಸಿ ಒಣಹಾಕುತ್ತಾರೆಯೇ? ಅಂದಹಾಗೆ, ಮೆಣಸಿನ ಸಸಿಗಳನ್ನು ಅಕ್ಕ ಉಬ್ಬೆಯ ಹಿಂದಿನ ದಿನವೇ ಪಕ್ಕದ ಮನೆಗೆ ಕೊಟ್ಟಿದ್ದರು. ಹಂಡೆ ಇನ್ನೂ ಒಲೆ ಏರಿರಲಿಲ್ಲ!

ನಾಲ್ಕು ದಿನ ಊಟ ತಿಂಡಿ ಮರೆತು ಭಾವ ತೊಡೆಯ ಮೇಲೆ ಹೊಸೆದರು. ಹಗ್ಗ ಮೆತ್ತಗೆ, ಕೂಸಿನ ಕೈಯಷ್ಟು ಮೆತ್ತಗೆ ಬಂತು. ಅಳೆದರು. ಐದೇ ಮಾರು! ಬಾವಿಗೆ ಬೇಕಾದದ್ದರಲ್ಲಿ ಅರ್ಧ. ಭಾವ ಸೋಲೊಪ್ಪಲಿಲ್ಲ. ತೋಳು ಗಿಡ್ಡ ಇರುವ ನನ್ನ ಗಂಡನನ್ನು ಗದ್ದೆಯಿಂದ ಕರೆಸಿ ಅಳೆಸಿದರು. ಐದೂ ಮುಕ್ಕಾಲಾಯಿತು!

"ನೋಡೇ, ಬೆಳೀತಾ ಐತೆ" ಎಂದರು ಅಕ್ಕನಿಗೆ.

"ಗಿಡ್ಡ ತೋಳಿನೋರು ಅಳೆದ್ರೆ ಬಾವಿ ಮೇಲೆ ಬರ್ತದಾ?" ಎಂದು ಅಕ್ಕ ನಕ್ಕರು. ಆಮೇಲೆ ಹಗ್ಗವನ್ನು ಸುತ್ತಿ ತಮ್ಮ ಸೀರೆಯ ಪೆಟ್ಟಿಗೆಯಲ್ಲಿಟ್ಟರು. "ಇನ್ನೈದು ಮಾರು ಬರೋ ವರ್ಷ ಕೊಡಿ. ಗಿಡ ಇರ್ಲಿ."

ಮುಂದಿನ ಕೊಯ್ಲು ಬರುವ ಮುಂಚೆ, ಪುಷ್ಯದ ಒಂದು ಬೆಳಿಗ್ಗೆ, ಗಿಡಕ್ಕೆ ಗೊಬ್ಬರ ಹಾಕುತ್ತಿದ್ದ ಭಾವ ಅಲ್ಲೇ ಕುಸಿದರು. ಲಕ್ವ ಹೊಡೆದಿತ್ತು. ಎಡಗೈ ಎಡಗಾಲು ಸತ್ತ ಹಾಗಾದವು, ನಾಲಗೆ ದಪ್ಪವಾಯಿತು. ಶಿರಾಳಕೊಪ್ಪದಿಂದ ಬಂದ ಡಾಕ್ಟರು, "ಮಲಗಿಸಿಬಿಟ್ರೆ ಮಲಗೇ ಬಿಡ್ತಾರೆ. ತೊಲೆಗೆ ಒಂದು ಹಗ್ಗ ಕಟ್ಟಿ. ಬಲಗೈಯಲ್ಲಿ ಹಿಡಿದು ದಿನಕ್ಕೆ ಹತ್ತು ಸಲ ತಾವಾಗೇ ಎದ್ದು ಕೂರಲಿ" ಎಂದು ಹೇಳಿ ಹೋದರು.

ಮನೆಯಲ್ಲಿದ್ದದ್ದು ತೆಂಗಿನ ಹಗ್ಗ. ನನ್ನ ಗಂಡ ಅದನ್ನೇ ಕಟ್ಟಿದರು. ಎರಡು ದಿನಕ್ಕೆ ಭಾವನವರ ಅಂಗೈ ಕಿತ್ತು ಬಂತು. ಮೂರನೆಯ ದಿನ ಅವರು ಹಗ್ಗ ಮುಟ್ಟಲು ಒಪ್ಪಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿದರು. ಅಕ್ಕ ಒಳಗೆ ಹೋದರು. ಸೀರೆಯ ಪೆಟ್ಟಿಗೆ ತೆರೆದು ಆ ಐದು ಮಾರು ಹಗ್ಗ ತಂದರು. ಸ್ಟೂಲು ಹತ್ತಿ ತಾವೇ ತೊಲೆಗೆ ಕಟ್ಟಿ, ತುದಿಯನ್ನು ಅವರ ಕೈಗೆ ಕೊಟ್ಟರು.

ಭಾವ ಬೆರಳಿನಿಂದಲೇ ಗುರುತು ಹಿಡಿದರು. "ಇದು... ಬಾವಿಗೆ" ಎಂದರು, ನಾಲಗೆ ಹೊರಳದೆ. "ನಿನ್ನ... ಕೈಗೆ."

"ನನ್ ಕೈ ಹೆಂಗೋ ಆಗ್ತದೆ. ನಿಮ್ ಕೈಯಿಂದ ನನಗೆ ಇನ್ನೂ ಐದು ಮಾರು ಹಗ್ಗ ಬರ್ಬೇಕು. ಏಳಿ."

ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗಲೂ ಆಗಲಿಲ್ಲ, ಬಿಟ್ಟು ಬರಲೂ ಆಗಲಿಲ್ಲ. ಭಾವ ಹಗ್ಗವನ್ನು ಒಂದು ಸುತ್ತು ಕೈಗೆ ಸುತ್ತಿಕೊಂಡರು. ಎಳೆದರು. ತಲೆ ಎದ್ದಿತು, ಹೆಗಲು ಎದ್ದಿತು, ಮತ್ತೆ ಎಳೆದರು, ಎದ್ದು ಕುಳಿತರು. ಅಕ್ಕ ಪಕ್ಕದಲ್ಲಿ ಕೂತು ಅವರ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲೆ ಮಾಡಿ ನೋಡಿದರು. ಹಳೆಯ ಗಾಯ ಹಾಗೇ ಇತ್ತು. ಹೊಸದಾಗಿ ಎಲ್ಲೂ ಕೆಂಪಾಗಿರಲಿಲ್ಲ.